ಉಜ್ಜಿ ಮಾಸಿದ ಚಾಸಿ ನಂಬರು

ಕಾರನ್ನು ಇನ್ನೊಬ್ಬರ ಹೆಸರಿಗೆ ಬದಲಾಯಿಸುವುದು ಒಂದು ಬೆಳಗಿನ ಕೆಲಸ ಎಂದು ನಂಬಿ ಅಂದು ಮನೆಯಿಂದ ಹೊರಟಿದ್ದೆ. ತಿಂಡಿಯ ಪಾತ್ರೆ ತೊಳೆದಿಟ್ಟು, ಮಧ್ಯಾಹ್ನದ ಸಾರಿಗೆ ಬೇಳೆ ನೆನೆಹಾಕಿ, ಕಾಗದಗಳನ್ನು ಒಂದು ಫೈಲಿನಲ್ಲಿ ಜೋಡಿಸಿಕೊಂಡಿದ್ದೆ. ಆರ್‌ಸಿ ಪುಸ್ತಕ, ವಿಮೆ, ತೆರಿಗೆಯ ರಸೀದಿ, ಹೊಗೆ ತಪಾಸಣೆಯ ಚೀಟಿ, ಸಹಿ ಹಾಕಿದ ಅರ್ಜಿಗಳು, ಯಾವುದೂ ಬಿಟ್ಟಿರಲಿಲ್ಲ. ಆ ಕೆಲಸ ಮುಗಿಯುವ ಹೊತ್ತಿಗೆ ಯುಗಾದಿ ಕಳೆದು ಶೇಂಗಾ ಬಿತ್ತನೆಯ ಕಾಲ ಬಂದಿತ್ತು. ಈಗ ಬರೆಯಲು ಕುಳಿತರೂ ಆ ದಿನಗಳ ಆಯಾಸ ಮೊಣಕಾಲಿಗೆ ಬಂದು ಕೂರುತ್ತದೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಮೊದಲು ಮೊಳಕಾಲ್ಮೂರು, ಆಮೇಲೆ ನಿವೃತ್ತಿಯವರೆಗೂ ಚಳ್ಳಕೆರೆ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕೂ ಇರಬಾರದು ಎಂಬ ಹಾಸ್ಟೆಲಿನಲ್ಲಿ ಕಲಿತವಳು. ಯಜಮಾನರು ಮೇಷ್ಟ್ರಾಗಿದ್ದರು. ಅವರಿಗೆ ಲಕ್ವ ಹೊಡೆದ ಮೇಲೆ ದಾವಣಗೆರೆಯ ಆಸ್ಪತ್ರೆಗೆ ಹೋಗಿ ಬರಲೆಂದು ಒಂದು ಹಳೆಯ ಡೀಸೆಲ್ ಕಾರು ತೆಗೆದುಕೊಂಡಿದ್ದೆವು. ದುಂಡು ಮೈಯ ಬಿಳಿ ಕಾರು. ಕೆಎ ಎಂಬ ಅಕ್ಷರಗಳು ಬರುವುದಕ್ಕೂ ಮುಂಚಿನ, ಮೂರಕ್ಷರದ ನಂಬರಿನದು. ಯಜಮಾನರು ಹೋದ ಮೇಲೆ ಅದು ಮನೆಯ ಮುಂದೆ ನಿಂತೇ ಇತ್ತು. ನನಗೆ ಓಡಿಸಲು ಬಾರದು. ಬಸ್ಸು ಸಾಕು.

ಓಡಿಸುತ್ತಿದ್ದವನು ನಮ್ಮ ಡ್ರೈವರ್. ವರವು ಕಾವಲು ಎಂಬ ಸರ್ಕಾರಿ ಹುಲ್ಲುಗಾವಲಿನ ಪಕ್ಕದ ಹಳ್ಳಿಯ, ದನ ಕಾಯುವ ಮನೆತನದವನು. ಅವನ ಅಪ್ಪ ಕಾವಲಿನಲ್ಲಿ ಸರ್ಕಾರದ ದನ ಮೇಯಿಸುತ್ತಲೇ ಮುದುಕನಾದವರು. ಇವನು ಮಾತ್ರ ಲಾರಿ ಕ್ಲೀನರಾಗಿ ಹೋಗಿ ಸ್ಟಿಯರಿಂಗ್ ಹಿಡಿದ. ಯಜಮಾನರನ್ನು ಮಗುವಿನ ಹಾಗೆ ಎತ್ತಿ ಸೀಟಿನಲ್ಲಿ ಕೂರಿಸುತ್ತಿದ್ದ. ಬೆಳಿಗ್ಗೆ ಕಾರು ಚಾಲೂ ಮಾಡುವ ಮುಂಚೆ ಬಾನೆಟ್ಟಿನ ಮೇಲೆ ಎರಡು ಸಲ ಅಂಗೈ ಸವರುತ್ತಿದ್ದ. ಪ್ರತಿ ಅಮಾವಾಸ್ಯೆ ಕಾರು ತೊಳೆದು, ಊದುಕಡ್ಡಿ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಕಾರನ್ನು ಅವನಿಗೇ ಕೊಡುವುದೆಂದು ನಾನು ತೀರ್ಮಾನಿಸಿದಾಗ ಅವನು ಬಾಗಿಲಲ್ಲಿ ನಿಂತು, "ನನ್ನ ಹೆಸ್ರು ಆ ಬುಕ್ಕಲ್ಲಿ ಬರ್ತೈತಾ ಸಿಸ್ಟ್ರಮ್ಮ? ಅಪ್ಪನ ಹೆಸ್ರೂ ಬರೀತಾರಾ?" ಎಂದು ಕೇಳಿದ. ಇಬ್ಬರದೂ ಬರೆಯುತ್ತಾರೆ ಎಂದೆ. ಅವನ ಮನೆತನದಲ್ಲಿ ಸರ್ಕಾರದ ಪುಸ್ತಕದೊಳಗೆ ಏನಾದರೂ ಹೆಸರಿಗೆ ಬಂದದ್ದು ಅದೇ ಮೊದಲಾಗುತ್ತಿತ್ತು.

ಕಾರಿಗೆ ಹದಿನೈದು ವರ್ಷ ತುಂಬಿದ್ದರಿಂದ ಹೆಸರು ಬದಲಾಯಿಸುವ ಮೊದಲು ಆರ್‌ಸಿಯನ್ನು ಹೊಸದು ಮಾಡಿಸಬೇಕಿತ್ತು. ಅದಕ್ಕೆ ಆರ್‌ಟಿಒ ಇನ್‌ಸ್ಪೆಕ್ಟರು ಕಣ್ಣಾರೆ ಕಾರು ನೋಡಬೇಕು. ದುರ್ಗದ ಕಚೇರಿಯಿಂದ ಅವರು ಆಗಾಗ ಚಳ್ಳಕೆರೆಗೆ ಕ್ಯಾಂಪ್ ಬರುತ್ತಿದ್ದರು. ಎಪಿಎಂಸಿ ಯಾರ್ಡಿನ ಪಕ್ಕದ ಬಯಲಿನಲ್ಲಿ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಕುರ್ಚಿ. ಸುತ್ತ ಆಟೋ, ಟ್ರ್ಯಾಕ್ಟರ್, ಮೊಪೆಡ್ಡುಗಳ ಸಾಲು. ಗಾಳಿ ಬಂದರೆ ಶೇಂಗಾ ಸಿಪ್ಪೆ ಹಾರಿಬಂದು ಅರ್ಜಿಗಳ ಮೇಲೆ ಕೂರುತ್ತಿತ್ತು.

ಕಾರಿನ ಗುರುತು ಹಿಂದೆ ಮುಂದೆ ಬರೆಸಿದ ನಂಬರು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸರ್ಕಾರ ಕೊಟ್ಟ ಹೆಸರು ಅಷ್ಟೆ. ರಾಜ್ಯ ಬದಲಾದರೆ ಅದೂ ಬದಲಾಗುತ್ತದೆ. ಎಂಜಿನ್ನಿನ ಮೇಲೆ ಒಂದು ನಂಬರು ಇರುತ್ತದೆ, ಆದರೆ ಎಂಜಿನ್ನನ್ನೇ ಬದಲಾಯಿಸಿಬಿಡಬಹುದು. ಗುಜರಿಗೆ ಹೋಗುವವರೆಗೂ ಕಾರನ್ನು ಬಿಡದ ಗುರುತು ಎಂದರೆ ಚಾಸಿ ನಂಬರು. ಕಾರ್ಖಾನೆಯಲ್ಲಿ ಕಾರಿನ ಅಸ್ಥಿಗೇ ಬಡಿದು ಮೂಡಿಸಿದ ಅಂಕಿಗಳು. ನಮ್ಮ ಕಾರಿನಲ್ಲಿ ಅದು ಎರಡು ಕಡೆ ಇತ್ತು: ಬಾನೆಟ್ಟಿನ ಒಳಗೆ ತಿರುಪು ಹಾಕಿ ಕೂರಿಸಿದ ಒಂದು ಚಿಕ್ಕ ತಗಡಿನ ಮೇಲೆ, ಮತ್ತೆ ಅದರ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ. ಇನ್‌ಸ್ಪೆಕ್ಟರು ಮಾಡುವ ಕೆಲಸ ಬಲು ಸರಳ. ಆ ಅಂಕಿಗಳ ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲನ್ನು ಅಡ್ಡಡ್ಡ ಉಜ್ಜುತ್ತಾರೆ. ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಎದ್ದು ಬರುತ್ತವೆ. ಅದನ್ನು ಆರ್‌ಸಿಯ ಅಂಕಿಗಳ ಜೊತೆ ಇಟ್ಟು ನೋಡಿ, ತಾಳೆಯಾದರೆ ಸಹಿ.

ಹೆರಿಗೆ ವಾರ್ಡಿನಲ್ಲಿ ಕೂಸಿನ ಕೈಗೆ ಕಟ್ಟಿದ ಚೀಟಿಯನ್ನು ತಾಯಿಯ ಚೀಟಿಯ ಜೊತೆ ಇಟ್ಟು ನೋಡುವ ಕೆಲಸವನ್ನು ನಾನು ವರ್ಷಾನುಗಟ್ಟಲೆ ಮಾಡಿದ್ದೆ. ಹಾಗಾಗಿ ಈ ಕ್ರಮ ನನಗೆ ಸರಿಯೆನಿಸಿತು.

ನಮ್ಮ ಸರದಿ ಬಂತು. ಡ್ರೈವರ್ ಬಾನೆಟ್ ಎತ್ತಿ ಪಕ್ಕಕ್ಕೆ ನಿಂತ. ಬಿಸಿಲು ಒಳಗೆ ಬಿದ್ದು ಆ ತಗಡು ಕನ್ನಡಿಯ ಹಾಗೆ ಹೊಳೆಯಿತು. ಇನ್‌ಸ್ಪೆಕ್ಟರು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಕಾಗದವೆಲ್ಲ ಕಪ್ಪಾಯಿತು. ಒಂದು ಅಂಕಿಯೂ ಏಳಲಿಲ್ಲ. ಕಾಗದ ಬದಲಾಯಿಸಿ ಮತ್ತೆ ಉಜ್ಜಿದರು. ಆಮೇಲೆ ಬಗ್ಗಿ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ನೋಡಿದರು. ಅಲ್ಲಿ ಮೊದಲ ಒಂದೆರಡು ಅಂಕಿ ಮಬ್ಬಾಗಿ ಬಂದವು, ಮಿಕ್ಕದ್ದು ಬರೀ ನುಣುಪು.

"ಏನ್ರಿ ಇದು, ನಂಬರೇ ಇಲ್ಲ?" ಎಂದರು ನನ್ನ ಕಡೆ ತಿರುಗಿ.

ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್ ಹೆಮ್ಮೆಯಿಂದ ಹೇಳಿದ: "ಐತೆ ಸಾರ್, ನಾನೇ ಉಜ್ಜಿಟ್ಟೀನಿ. ಅಮಾವಾಸಿ ಅಮಾವಾಸಿಗೂ ತಪ್ಪಿಸಲ್ಲ."

"ಯಾತ್ರಲ್ಲಿ ಉಜ್ಜಿದ್ದೀಯಾ?"

"ಮೊದ್ಲು ಹುಣಸೆಹಣ್ಣು, ಇಟ್ಟಿಗೆ ಪುಡಿ. ಕಿಲುಬು ಹೋಗ್ಲಿಲ್ಲ ಅಂದ್ರೆ ಕಬ್ಬಿಣ ಉಜ್ಜೋ ಎಮರಿ ಪೇಪರ್ ಸಾರ್."

ಸಾಲಿನಲ್ಲಿದ್ದ ಆಟೋದವರು ಕೊಳ್ಳೆಂದು ನಕ್ಕರು. "ಲೇ, ಎಲ್ಲಿಂದ ಹೊಡ್ಕಂಬಂದ್ಯಲೇ ಗಾಡೀನ? ಸಾಹೇಬ್ರಿಗೆ ನಿಜ ಹೇಳ್ಬಿಡು, ಎರಡೇಟು ಕಮ್ಮಿ ಬೀಳ್ತಾವೆ," ಎಂದ ಒಬ್ಬ. ಇನ್ನೊಬ್ಬ, "ಹೆಂಡ್ತಿ ಮುಖಾನೂ ಹಂಗೇ ಉಜ್ಜಿದ್ರೆ ಅವ್ರಪ್ಪಂಗೂ ಗುರುತು ಸಿಗಲ್ಲ ಕಣ್ಲೇ," ಎಂದ. ಡ್ರೈವರನೂ ಅವರ ಜೊತೆ ನಕ್ಕ. ಏನಾಗಿದೆ ಎಂದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

ಇನ್‌ಸ್ಪೆಕ್ಟರು ನಗಲಿಲ್ಲ. "ನೋಡ್ರಿ ಅಮ್ಮ, ಕದ್ದ ಗಾಡಿಯವ್ರು ಮೊದ್ಲು ಮಾಡೋ ಕೆಲಸ ಇದೇ. ನಂಬರ್ ಉಜ್ಜಿ ತೆಗೆಯೋದು. ಇವ್ನು ನನ್ನೆದುರಿಗೇ ಒಪ್ಕೊತಿದಾನೆ. ನಾನೇನು ಬರ್ಕೋಬೇಕು?"

ಆಗ ಡ್ರೈವರನ ನಗು ನಿಂತಿತು. "ಸಾರ್, ಅದು ಮುದ್ರೆ ಅಲ್ವಾ ಸಾರ್? ಮುದ್ರೆ ಸ್ವಚ್ಛಾಗಿ ಇಡ್ಬೇಕು ಅಂತ..." ಎಂದು ತಡವರಿಸಿದ.

ಅವನ ಮಾತಿನ ಅರ್ಥ ಆ ಬಯಲಿನಲ್ಲಿ ಯಾರಿಗೂ ಆಗಲಿಲ್ಲ. ನನಗೆ ಅರ್ಥವಾದದ್ದು ಸಂಜೆ, ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟು ಕೇಳಿದ ಮೇಲೆ. ಕಾವಲಿನ ಸರ್ಕಾರಿ ದನಗಳಿಗೆ ಕಾಯಿಸಿದ ಕಬ್ಬಿಣದಿಂದ ಮುದ್ರೆ ಒತ್ತುತ್ತಾರೆ. ಸಾಹೇಬರು ದನ ಎಣಿಸಲು ಬರುತ್ತಾರೆ ಎಂದರೆ ಅವನ ಅಪ್ಪ ಒಂದೊಂದೇ ದನವನ್ನು ಹಿಡಿದು, ಮುದ್ರೆಯ ಮೇಲೆ ಅಂಟಿದ ಸಗಣಿ ಮಣ್ಣು ತೊಳೆದು, ಸುತ್ತ ಬೆಳೆದ ಕೂದಲನ್ನು ಒರಟು ಗೋಣಿಯಿಂದ ಉಜ್ಜಿ, ಹರಳೆಣ್ಣೆ ಸವರುತ್ತಿದ್ದರಂತೆ. ಮುದ್ರೆ ಕಾಣದ ದನ ಎಂದರೆ ಕಾಯುವವನೇ ಮಾರಿಕೊಂಡು ಬದಲಿ ತಂದು ಕಟ್ಟಿದ್ದಾನೆ ಎಂಬ ಮಾತು ಬರುತ್ತಿತ್ತು. ಹಾಗಾಗಿ ಮುದ್ರೆ ಉಜ್ಜುವುದು ಅವರ ಮನೆಯಲ್ಲಿ ಮಾನ ಉಳಿಸಿಕೊಳ್ಳುವ ಕೆಲಸ. ಕಾರು ಕೈಗೆ ಬಂದ ಮೊದಲ ವಾರದಲ್ಲೇ ಇವನು ಬಾನೆಟ್ ಎತ್ತಿ ಅದರ ಮುದ್ರೆ ಹುಡುಕಿದ್ದಾನೆ. ಅಂದಿನಿಂದ ಉಜ್ಜುತ್ತಲೇ ಬಂದಿದ್ದಾನೆ. ದನದ ಚರ್ಮದ ಮೇಲಿನ ಮುದ್ರೆ ಉಜ್ಜಿದಷ್ಟೂ ನಿಚ್ಚಳವಾಗುತ್ತದೆ. ತಗಡಿನ ಮೇಲಿನದು ಉಜ್ಜಿದಷ್ಟೂ ಸವೆಯುತ್ತದೆ. ಅಷ್ಟು ವ್ಯತ್ಯಾಸವನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅವನು ಯಾರನ್ನೂ ಕೇಳಿರಲಿಲ್ಲ.

"ನಾನು ಕಳ್ಳ ಅಂತ ಬರ್ಕೊಂಡ್ರಾ ಸಿಸ್ಟ್ರಮ್ಮ?" ಎಂದು ಕೇಳಿದ ಅಂದು ಸಂಜೆ.

ಇನ್ನೂ ಬರೆದುಕೊಂಡಿರಲಿಲ್ಲ. ಇನ್‌ಸ್ಪೆಕ್ಟರು ಆರ್‌ಸಿಯನ್ನು ತಮ್ಮ ಹತ್ತಿರ ಇಟ್ಟುಕೊಂಡು, ಅವರ ಮುಂದಿನ ಕ್ಯಾಂಪ್ ಮೊಳಕಾಲ್ಮೂರಿನಲ್ಲಿ, ಅಲ್ಲಿಗೆ ಕಾರು ತನ್ನಿ ಎಂದಿದ್ದರು. ಅಷ್ಟರೊಳಗೆ ಈ ಕಾರು ಕಳವಿನದಲ್ಲ ಎಂದು ಪೊಲೀಸ್ ಠಾಣೆಯಿಂದ ಪತ್ರ ತರಬೇಕು. ಅಲ್ಲಿಯವರೆಗೆ ಕಾರು ರಸ್ತೆಗಿಳಿಯಬಾರದು. ಪತ್ರ ಬರದಿದ್ದರೆ ಡ್ರೈವರನ ಮೇಲೆ ನಂಬರು ಅಳಿಸಿದ ದೂರು ಹೋಗುತ್ತದೆ. ಮಾತು ಇಷ್ಟೇ.

ಮಾರನೆಯ ಬೆಳಿಗ್ಗೆ ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ಗುರುತಿನವರೇ. ಅವರ ಇಬ್ಬರು ಮಕ್ಕಳೂ ನಮ್ಮ ವಾರ್ಡಿನಲ್ಲೇ ಹುಟ್ಟಿದ್ದು. ಕುರ್ಚಿ ಹಾಕಿಸಿದರು, ಟೀ ತರಿಸಿದರು, ಅರ್ಜಿ ಓದಿ ತಲೆ ಕೆರೆದುಕೊಂಡರು.

"ಸಿಸ್ಟರ್, ಗಾಡಿ ಕಳೆದೋಗೈತೆ ಅಂತ ಬರ್ಕೊಡ್ರಿ, ಇವತ್ತೇ ಹುಡುಕಾಕೆ ಶುರು ಮಾಡ್ತೀವಿ. ಕಳೆದೋಗಿಲ್ಲ ಅಂದ್ರೆ ನಾವು ಏನ್ ಹುಡುಕಾಣ?"

"ಕಳೆದಿಲ್ಲ ಅಂತಲೇ ಬರೆದು ಕೊಡಿ."

"ಯಾರ ಗಾಡಿ ಕಳೆದಿಲ್ಲ ಅಂತ ಬರೀಲಿ? ನಂಬರ್ ಇಲ್ವಲ್ಲ ಗಾಡೀಲಿ."

"ಆರ್‌ಸಿಯಲ್ಲಿದೆ. ನಕಲು ತಂದಿದ್ದೇನೆ."

"ಆರ್‌ಸೀಲಿರೋದು ಇದೇ ಗಾಡಿ ಅಂತ ಆರ್‌ಟಿಒ ಸಾಹೇಬ್ರು ಬರ್ಕೊಟ್ರೆ ನಾನು ಬರ್ಕೊಡ್ತೀನಿ."

"ನೀವು ಬರೆದುಕೊಟ್ಟರೆ ಅವರು ಬರೆದುಕೊಡುತ್ತಾರಂತೆ."

ಅವರು ನಿಟ್ಟುಸಿರು ಬಿಟ್ಟು ಟೀ ಕುಡಿದರು. ನಾನೂ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

ಆ ಪತ್ರಕ್ಕಾಗಿ ಎಷ್ಟು ಸಲ ಠಾಣೆಗೆ ಹೋದೆನೋ ನೆನಪಿಲ್ಲ. ಒಂದು ದಿನ ಬರೆಯುವವರು ಬಂದೋಬಸ್ತಿಗೆ ಹೋಗಿರುತ್ತಿದ್ದರು, ಇನ್ನೊಂದು ದಿನ ಸಹಿ ಮಾಡುವವರು ಕೋರ್ಟಿಗೆ. ಜಿಲ್ಲೆಯಲ್ಲಿ ಈ ನಂಬರಿನ ಕಾರು ಕಳೆದ ದೂರು ಇದೆಯೇ ಎಂದು ದುರ್ಗದ ಪೊಲೀಸ್ ಕಚೇರಿಗೆ ಬರೆದು ಕೇಳಬೇಕಂತೆ. ಉತ್ತರ ಬರುವುದಕ್ಕೆ ಕಾಯಬೇಕಂತೆ. ದುರ್ಗಕ್ಕೆ ನಾನೇ ಹೋದೆ. ಖಾಸಗಿ ಬಸ್ಸಿನಲ್ಲಿ ಎಂಜಿನ್ನಿನ ಪಕ್ಕದ ಸೀಟು, ಕಾಲಿಗೆ ಬಿಸಿ. ಅಲ್ಲಿಯ ಗುಮಾಸ್ತರು, "ಪತ್ರ ಬಂದಿಲ್ಲ, ಟಪಾಲಿನಲ್ಲಿ ಬರಬೇಕು," ಎಂದರು. ಕೈಯಲ್ಲಿ ತಂದಿದ್ದೇನೆ ಎಂದರೆ, "ಕೈಯಲ್ಲಿ ತಂದದ್ದನ್ನು ತಗೊಳ್ಳೋ ಹಾಗಿಲ್ಲ," ಎಂದರು. ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿಂದು ವಾಪಸು ಬಂದೆ. ಅಸಡ್ಡೆಯ ಜನ ಎಂದು ಹೇಳಲಾರೆ. ಒಬ್ಬರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ಕೂರಿಸಿದರು. ಕೂತು ಕೂತೇ ನನಗೆ ಸುಸ್ತಾಯಿತು.

ಅಷ್ಟರಲ್ಲಿ ಊರಿನಲ್ಲಿ ಮಾತು ಹಬ್ಬಿತ್ತು. ಬಯಲಿನಲ್ಲಿ ನಕ್ಕಿದ್ದ ಆಟೋದವರು ಸ್ಟ್ಯಾಂಡಿಗೆ ಹೋಗಿ ಹೇಳಿದ್ದರು. ಡ್ರೈವರನಿಗೆ 'ಎಮರಿ' ಎಂದು ಹೆಸರು ಬಿತ್ತು. ಅವನು ಹಾದುಹೋದರೆ, "ಎಮರಿ ಬಂದ ನೋಡ್ರಲೇ, ಗಾಡಿ ನಂಬರ್ ಮುಚ್ಕಳ್ರಿ," ಎನ್ನುತ್ತಿದ್ದರು. ಮೊದಮೊದಲು ತಮಾಷೆ. ಆಮೇಲೆ ಅದು ತಮಾಷೆಯೋ ನಿಜವೋ ಎಂಬುದು ಹೇಳುವವರಿಗೇ ಮರೆತುಹೋಯಿತು. ಮದುವೆಗೆ ಜೀಪು ಓಡಿಸಲು ಅವನನ್ನು ಕರೆದಿದ್ದ ಎಣ್ಣೆ ಮಿಲ್ಲಿನವರೊಬ್ಬರು, "ಕೇಸು ಮುಗೀಲಿ ತಮ್ಮಾ, ಆಮೇಲೆ ನೋಡಾಣ," ಎಂದುಬಿಟ್ಟರು. ಕೇಸೇ ಇರಲಿಲ್ಲ.

ಹಾಗಿರುವಾಗ ಒಂದು ದಿನ ಅವನ ಜೊತೆ ಒಬ್ಬ ಏಜೆಂಟ್ ಮನೆಗೆ ಬಂದ. ಕ್ಯಾಂಪಿನ ಹೊರಗೆ ಅರ್ಜಿ ತುಂಬಿಕೊಡುವವನು. ಕೂರುವ ಮೊದಲೇ ಶುರು ಮಾಡಿದ:

"ಅಮ್ಮಾ, ನೀವ್ಯಾಕೆ ಈ ವಯಸ್ಸಲ್ಲಿ ಸ್ಟೇಷನ್ನು ದುರ್ಗ ಅಂತ ಅಲೀತೀರಿ? ರಾಂಪುರದಾಗೆ ಒಬ್ಬ ಲೇತಿನವ್ನು ಅದಾನೆ. ಅಂಕಿ ಹೊಡೆಯೋ ಉಳಿ ಎಲ್ಲಾ ಅವನತ್ರ ಐತೆ. ಬುಕ್ಕಲ್ಲಿ ಏನೈತೋ ಅದೇ ನಂಬರ್ ಹೊಡೀತಾನೆ. ಟೀ ಕುಡಿಯೋದ್ರೊಳಗೆ ಕೆಲಸ ಆಯ್ತು."

ಡ್ರೈವರ್ ನೆಲ ನೋಡುತ್ತಾ, "ಹೊಡಿಸಿಬಿಡಾಣ ಸಿಸ್ಟ್ರಮ್ಮ. ಇರೋ ನಂಬರ್ ತಾನೆ. ಸುಳ್ಳು ನಂಬರ್ ಅಲ್ವಲ್ಲ," ಎಂದ.

"ನೀನು ಇವತ್ತಿನವರೆಗೆ ಮಾಡಿರೋದು ತಿಳಿಯದೆ ಮಾಡಿದ್ದು," ಎಂದೆ ನಾನು. "ರಾಂಪುರಕ್ಕೆ ಹೋಗಿ ಬಂದರೆ ತಿಳಿದು ಮಾಡಿದ್ದಾಗುತ್ತೆ. ಆಮೇಲೆ ನಿನ್ನ ಪರ ನಾನು ಏನು ಹೇಳಲಿ?"

"ಯಾರಿಗೆ ಗೊತ್ತಾಗ್ತೈತಮ್ಮಾ?" ಎಂದ ಏಜೆಂಟ್.

"ಇನ್‌ಸ್ಪೆಕ್ಟರು ಬರೀ ನುಣುಪು ಜಾಗ ನೋಡಿ ಹೋಗಿದ್ದಾರೆ. ಮುಂದಿನ ಕ್ಯಾಂಪಿಗೆ ಅಲ್ಲಿ ಅಂಕಿ ಮೊಳೆತಿದ್ದರೆ ಏನೆಂದುಕೊಳ್ಳುತ್ತಾರೆ?"

ಏಜೆಂಟ್ "ನಿಮ್ಮಿಷ್ಟ" ಎಂದು ಎದ್ದು ಹೋದ. ಡ್ರೈವರ್ ಹೋಗಲಿಲ್ಲ. ಜಗಲಿಯಲ್ಲಿ ಕೂತು ಬಹಳ ಹೊತ್ತು ಕಾರನ್ನೇ ನೋಡುತ್ತಿದ್ದ. ನಾನು ಕಾರಿನ ಬೀಗದ ಕೈಯನ್ನು ಒಳಗೆ ಅಲಮಾರಿಯಲ್ಲಿಟ್ಟೆ. ಅವನ ಮೇಲೆ ಅನುಮಾನವಿರಲಿಲ್ಲ. ದಣಿದ ಮನುಷ್ಯ ಯಾವ ಬಾಗಿಲು ತೆರೆದಿದ್ದರೂ ಅದರೊಳಗೆ ಹೋಗುತ್ತಾನೆ ಎಂಬುದನ್ನು ಆಸ್ಪತ್ರೆಯಲ್ಲಿ ಬೇಕಾದಷ್ಟು ನೋಡಿದ್ದೆ.

ಠಾಣೆಯ ಪತ್ರ ಕಡೆಗೂ ಬಂತು. ಅದರಲ್ಲಿ ಬರೆದದ್ದು ಇಷ್ಟು: ಆರ್‌ಸಿಯಲ್ಲಿರುವ ನಂಬರಿನ ಕಾರು ಕಳುವಾದ ದೂರು ಜಿಲ್ಲೆಯಲ್ಲಿಲ್ಲ. ನಮ್ಮ ಮನೆಯ ಮುಂದೆ ನಿಂತಿದ್ದ ಕಾರು ಅದೇನಾ ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮೊಳಕಾಲ್ಮೂರಿನ ಕ್ಯಾಂಪಿಗೆ ಬೆಳಿಗ್ಗೆ ಬೇಗ ಹೊರಟೆವು. ಕ್ಯಾಂಪಿಗೆ ಮಾತ್ರ ಕಾರು ತರಬಹುದು ಎಂದು ಇನ್‌ಸ್ಪೆಕ್ಟರು ಬರೆದುಕೊಟ್ಟಿದ್ದ ಚೀಟಿಯನ್ನು ಡ್ರೈವರ್ ಮುಂದಿನ ಗಾಜಿಗೆ ಅಂಟಿಸಿದ್ದ. ದಾರಿಯಲ್ಲಿ ಅವನ ಹಳ್ಳಿಯ ಗೇಟಿನಲ್ಲಿ ಅವನ ಅಪ್ಪ ಕಂಬಳಿ ಹೊದ್ದು ನಿಂತಿದ್ದರು. ತಾವೂ ಬರುವುದಾಗಿ ಹಟ ಹಿಡಿದು ಹತ್ತಿದರು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಲು ಒಪ್ಪದೆ ಮುಂದೆ ಮಗನ ಪಕ್ಕ ಕೂತರು.

"ಅಪ್ಪಾ, ಅಲ್ಲಿ ನೀನು ಮಾತಾಡ್ಬ್ಯಾಡ," ಎಂದ ಮಗ.

"ನಾನ್ಯಾಕ್ಲಾ ಮಾತಾಡ್ಲಿ? ಸಾಹೇಬ್ರು ಕೇಳಿದ್ರೆ ಹೇಳ್ತೀನಿ, ಉಜ್ಜಾಕೆ ಹೇಳ್ಕೊಟ್ಟೋನು ನಾನು, ಹಿಡ್ಕಂಡೋಗೋದಿದ್ರೆ ನನ್ನ ಹಿಡ್ಕಂಡೋಗ್ರಿ ಅಂತ."

"ಅದ್ನೇ ಹೇಳ್ಬ್ಯಾಡ ಅಂದಿದ್ದು."

ಆಮೇಲೆ ಬೆಟ್ಟದ ಕಲ್ಲುಗಳ ನಡುವೆ ಊರು ಕಂಡಿತು.

ಮೊಳಕಾಲ್ಮೂರಿನ ಕ್ಯಾಂಪು ಚಿಕ್ಕದು. ಅರ್ಧ ಜನ ತೆಲುಗಿನಲ್ಲಿ ಮಾತಾಡುತ್ತಿದ್ದರು. ಇನ್‌ಸ್ಪೆಕ್ಟರು ಠಾಣೆಯ ಪತ್ರ ಓದಿ ಮಡಚಿದರು. "ಇದು ಆ ನಂಬರಿನ ಕಥೆ ಆಯ್ತು. ಈ ಕಾರಿನ ಕಥೆ ಏನು?" ಎಂದರು. ನಾನು ಮುದ್ರೆಯ ವಿಷಯವನ್ನು ವಾರ್ಡಿನಲ್ಲಿ ಡಾಕ್ಟರಿಗೆ ವರದಿ ಒಪ್ಪಿಸುವ ಹಾಗೆ ಒಂದೊಂದಾಗಿ ಹೇಳಿದೆ. ಅವರು ಕೇಳಿಸಿಕೊಂಡರು. ನಂಬಿದರೆಂದು ಮುಖದಲ್ಲಿ ಕಾಣಲಿಲ್ಲ. ಹಿಂದೆ ನಿಂತಿದ್ದ ಒಬ್ಬ, "ಕಥಲು ಬಾಗ ಚೆಪ್ತಾರು," ಎಂದು ಪಕ್ಕದವನಿಗೆ ಹೇಳಿದ್ದು ಕಿವಿಗೆ ಬಿತ್ತು. ಕಥೆ ಚೆನ್ನಾಗಿ ಹೇಳುತ್ತಾರೆ ಎಂದು ಅರ್ಥ. ಆ ಊರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳಿಗೆ ಅಷ್ಟು ತೆಲುಗು ಬರುತ್ತದೆ.

"ಆ ತಗಡು ಬಿಚ್ಚು. ಹಿಂದುಗಡೆ ಏನಾದ್ರೂ ಅಂಕಿ ಒತ್ತಿ ಮೂಡಿದಾವಾ ನೋಡೋಣ," ಎಂದರು ಇನ್‌ಸ್ಪೆಕ್ಟರು.

ಡ್ರೈವರ್ ಡಿಕ್ಕಿಯಿಂದ ಸಾಮಾನಿನ ಪೆಟ್ಟಿಗೆ ತಂದು ತೆರೆದ. ಒಳಗೆ ಮಡಚಿದ ಬಿಳಿ ಪಂಚೆಯ ತುಂಡಿನ ಮೇಲೆ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮಲಗಿದ್ದವು, ಪ್ರತಿಯೊಂದಕ್ಕೂ ಒಂದು ಕುಂಕುಮದ ಬೊಟ್ಟು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಇನ್‌ಸ್ಪೆಕ್ಟರು ಒಂದನ್ನು ಎತ್ತಿ ತಿರುಗಿಸಿ ನೋಡಿದರು. ಇನ್ನೊಂದನ್ನು ಎತ್ತಿದರು. ಯಾವುದರ ಮೇಲೂ ಅಳತೆಯ ಅಂಕಿಯಿರಲಿಲ್ಲ.

"ಇದು ಎಷ್ಟರ ಸ್ಪ್ಯಾನರು?"

"ಗೊತ್ತಿಲ್ಲ ಸಾರ್. ಹಾಕಿ ನೋಡ್ತೀನಿ, ಕೂತ್ರೆ ಅದೇ."

"ನಂಬರ್ ಎಲ್ಲಿ ಹೋಯ್ತು?"

ಡ್ರೈವರ್ ಪೆಟ್ಟಿಗೆಯಿಂದ ಮತ್ತೊಂದು ಸ್ಪ್ಯಾನರ್ ಎತ್ತಿ ಹೊರಳಿಸಿ ನೋಡಿದ. ಎಂದೂ ಅದನ್ನು ಯೋಚಿಸಿದವನಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಇನ್‌ಸ್ಪೆಕ್ಟರು ಜಾಕಿ ತೆಗೆಸಿ ನೋಡಿದರು. ಅದರ ಮೇಲಿನ ಕಂಪನಿಯ ಅಕ್ಷರಗಳೂ ಮಾಸಿದ್ದವು. ಗಾಲಿಯ ನಟ್ಟುಗಳ ತಲೆ, ಬಾಗಿಲ ಹಿಡಿಕೆ, ಗಾಜು ಏರಿಸುವ ಹಿಡಿ, ಕಬ್ಬಿಣವೆಂದು ಕೈಗೆ ಸಿಕ್ಕಿದ್ದೆಲ್ಲ ನುಣುಪು. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು ನಗತೊಡಗಿದರು. ಮೊದಲು ಸಣ್ಣಗೆ, ಆಮೇಲೆ ಭುಜ ಕುಲುಕುವಂತೆ.

"ಅಲ್ಲಯ್ಯಾ, ಗಾಡಿ ಕದಿಯೋನು ಚಾಸಿ ನಂಬರ್ ಉಜ್ಜತಾನೆ. ಸ್ಪ್ಯಾನರ್ ನಂಬರ್ ಯಾಕೆ ಉಜ್ಜತಾನೆ? ಪುಣ್ಯ, ಎಂಜಿನ್ನಿನ ಒಳಗೆ ನಿನ್ನ ಕೈ ಹೋಗಿಲ್ಲ."

"ಎಂಜಿನ್ ನಂಬರ್ ಮೇಲೆ ಗ್ರೀಸ್ ಐತೆ ಸಾರ್, ಅಲ್ಲಿ ಐತೆ ಅಂತ್ಲೇ ಗೊತ್ತಿರ್ಲಿಲ್ಲ," ಎಂದ ಡ್ರೈವರ್. ಗೊತ್ತಿದ್ದರೆ ಅದನ್ನೂ ಬಿಡುತ್ತಿರಲಿಲ್ಲ. ಬಟ್ಟೆಯಿಂದ ಗ್ರೀಸ್ ಒರೆಸಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಎಂಜಿನ್ ನಂಬರು ಒಂದೂ ಬಿಡದೆ ಎದ್ದು ಬಂತು. ಆರ್‌ಸಿಯೊಂದಿಗೆ ತಾಳೆಯಾಯಿತು. ತಗಡಿನ ಹಿಂಬದಿಯಲ್ಲಿ ಕೂಡ ಕೆಲವು ಅಂಕಿಗಳ ಉಬ್ಬು ಉಳಿದಿತ್ತು, ಅವೂ ಕೂಡಿದವು.

ಡ್ರೈವರನ ಅಪ್ಪ ಮರದ ಕೆಳಗೆ ಎದ್ದು ನಿಂತು ಕೈ ಮುಗಿದಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

"ನೋಡಿ ಅಮ್ಮ," ಎಂದರು ಇನ್‌ಸ್ಪೆಕ್ಟರು, "ನಾನು ನಂಬಿದೆ. ಆದ್ರೆ ನಾನು ನಂಬಿದೆ ಅಂತ ಬರೆಯೋಕೆ ಜಾಗ ಇಲ್ಲ." ಆಮೇಲೆ ಕೂತು ನಿಧಾನವಾಗಿ ಬರೆದರು: ನಂಬರು ಬಹುಕಾಲದ ಉಜ್ಜುವಿಕೆಯಿಂದ ಸವೆದಿದೆ, ಗ್ರೈಂಡರ್ ಹಾಕಿದ ಗುರುತಾಗಲಿ ಬೇರೆ ನಂಬರು ಹೊಡೆದ ಗುರುತಾಗಲಿ ಇಲ್ಲ, ಎಂಜಿನ್ ನಂಬರು ಸರಿಯಿದೆ, ಕಚೇರಿಯ ಅನುಮತಿಯ ಮೇಲೆ ಚಾಸಿ ನಂಬರನ್ನು ಮತ್ತೆ ಒತ್ತಿಸಬಹುದು. ಇದು ಮೇಲಿನವರ ಸಹಿಗೆ ಹೋಗಬೇಕು, ಕಾಯಬೇಕು ಎಂದರು. ಕಾಯುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಅನುಮತಿ ಬರುವ ಹೊತ್ತಿಗೆ ಬಿರುಬೇಸಿಗೆ. ದುರ್ಗದ ಒಂದು ಗ್ಯಾರೇಜಿನಲ್ಲಿ ಕಚೇರಿಯವರ ಎದುರಿಗೇ ಹೊಸದಾಗಿ ಅಂಕಿ ಹೊಡೆದರು. ಉಳಿಯ ಮೇಲೆ ಸುತ್ತಿಗೆ ಬೀಳುವಾಗ ಡ್ರೈವರ್ ಬೇರೆ ಕಡೆ ತಿರುಗಿ ನಿಂತಿದ್ದ. ಇನ್‌ಸ್ಪೆಕ್ಟರು ಅವನನ್ನು ಕರೆದು, "ಇನ್ಮೇಲೆ ಇದನ್ನ ಮುಟ್ಟಿದ್ರೆ ನಿನ್ನ ಬೆರಳಿಗೆ ಎಮರಿ ಪೇಪರ್ ಹಾಕ್ತೀನಿ. ಗ್ರೀಸ್ ಬಳಿದು ಬಿಡು, ಕಣ್ಣಿಗೆ ಕಾಣ್ಲೇಬಾರ್ದು," ಎಂದರು. ಅವನು ಆಗಲಿ ಎಂದು ತಲೆಯಾಡಿಸಿದ. ಮಳೆ ಶುರುವಾಗುವ ಹೊತ್ತಿಗೆ ಆರ್‌ಸಿ ಅವನ ಹೆಸರಿಗೆ ಬಂತು. ಅಪ್ಪನ ಹೆಸರೂ ಇತ್ತು. ಬಾಡಿಗೆಗೆ ಓಡಿಸುವ ಪರವಾನಗಿಯೂ ಆಮೇಲೆ ಆಯಿತು. ಹಳದಿ ಬೋರ್ಡು ಬರೆಸಿ ತಂದು ತೋರಿಸಿ ಕಾಲಿಗೆ ಬಿದ್ದ. ಏಳು ಏಳು ಎಂದೆ. ನನ್ನ ಮಟ್ಟಿಗೆ ಫೈಲು ಮುಚ್ಚಿತ್ತು.

ಊರಿನ ಮಟ್ಟಿಗೆ ಮುಚ್ಚಿರಲಿಲ್ಲ. ಚಳ್ಳಕೆರೆಯ ಸ್ಟ್ಯಾಂಡಿನಲ್ಲಿ ಸಾಲಿನಲ್ಲಿ ಕಾರು ನಿಲ್ಲಿಸಿದರೆ ಗಿರಾಕಿ ಹತ್ತುವ ಮುಂಚೆ ಯಾರಾದರೂ ಒಬ್ಬ, "ಎಮರಿ ಗಾಡಿ ಕಣ್ರಿ ಅದು, ಚೆಕ್‌ಪೋಸ್ಟಲ್ಲಿ ಹಿಡಿದ್ರೆ ನೀವೂ ಇಳಿದು ನಡ್ಕಂಡೋಗ್ಬೇಕು," ಎನ್ನುತ್ತಿದ್ದ. ಡ್ರೈವರ್ ಆರ್‌ಸಿ ತೆಗೆದು ತೋರಿಸುತ್ತಿದ್ದನಂತೆ. ಗಿರಾಕಿಗಳು ಅದನ್ನು ಓದುವ ಮೊದಲೇ ಇನ್ನೊಂದು ಕಾರು ಹತ್ತಿ ಹೋಗಿರುತ್ತಿದ್ದರು. ನಾನು ಸ್ಟ್ಯಾಂಡಿಗೆ ಹೋಗಿ ಅವರನ್ನೆಲ್ಲ ಸೇರಿಸಿ ಹೇಳಲೇ ಎಂದು ಕೇಳಿದೆ. "ಬ್ಯಾಡ ಸಿಸ್ಟ್ರಮ್ಮ, ಇನ್ನೂ ಜಾಸ್ತಿ ನಗ್ತಾರೆ," ಎಂದ. ಸರಿಯೇ. ಕೆಲವು ದಿನಗಳಾದ ಮೇಲೆ ಅವನು ಮೊಳಕಾಲ್ಮೂರಿಗೆ ಹೋಗಿ ನಿಂತ ಎಂದು ತಿಳಿಯಿತು. ರೇಷ್ಮೆ ಸೀರೆ ತೆಗೆದುಕೊಳ್ಳಲು ದೂರದಿಂದ ಬರುವ ಮದುವೆ ಮನೆಯವರಿಗೆ ಕಾರು ಬೇಕಾಗುತ್ತದೆ. ಅವರಿಗೆ ಎಮರಿಯ ಕಥೆ ಗೊತ್ತಿಲ್ಲ.

ಒಂದೆರಡು ವರ್ಷದ ಮೇಲೆ, ಹಳೆಯ ಸಹೋದ್ಯೋಗಿಯ ಮನೆಯ ಗೃಹಪ್ರವೇಶಕ್ಕೆ ಮೊಳಕಾಲ್ಮೂರಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ ತಪ್ಪಿತು. ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತಿದ್ದಾಗ ಅವನೇ ಓಡಿ ಬಂದ. "ಬರ್ರಿ ಸಿಸ್ಟ್ರಮ್ಮ, ನಾನು ಬಿಟ್ಟು ಬರ್ತೀನಿ," ಎಂದು ಬ್ಯಾಗು ಕಿತ್ತುಕೊಂಡ. ಕಾರಿನ ಬಣ್ಣ ಬದಲಾಗಿರಲಿಲ್ಲ, ಸೀಟಿಗೆ ಹೊಸ ಬಟ್ಟೆ ಹಾಕಿಸಿದ್ದ. ಅಪ್ಪ ಚೆನ್ನಾಗಿದ್ದಾರೆ ಎಂದ. ಮಗಳು ಹೈಸ್ಕೂಲು ಸೇರಿದಳು ಎಂದ. ನಾನು ಎರಡು ಮಾತು ಕೇಳಿದೆ, ಆಮೇಲೆ ಹಿಂದಿನ ಸೀಟಿನಲ್ಲಿ ಕೂತಲ್ಲೇ ನಿದ್ದೆ ಹೋದೆ.

ಎಚ್ಚರವಾದಾಗ ಕಾರು ನಿಂತಿತ್ತು. ಚಳ್ಳಕೆರೆಯ ಹೊರಗೆ, ಎಣ್ಣೆ ಮಿಲ್ಲುಗಳು ಶುರುವಾಗುವ ಕಡೆ. ಹಿಂಡಿಯ ವಾಸನೆ ಬರುತ್ತಿತ್ತು. ಅವನು ಇಳಿದು ಬಾಗಿಲು ತೆರೆದು ಹಿಡಿದಿದ್ದ.

"ಇಲ್ಲೇ ಇಳೀರಿ ಸಿಸ್ಟ್ರಮ್ಮ. ಇಲ್ಲಿಂದ ಆಟೋ ಸಿಗ್ತಾವೆ."

ಮನೆ ಇನ್ನೂ ದೂರ. ಮನೆಗೆ ಹೋಗಬೇಕೆಂದರೆ ಸ್ಟ್ಯಾಂಡಿನ ಮುಂದೆಯೇ ಹಾದು ಹೋಗಬೇಕು. ಮನೆಯವರೆಗೂ ನಡಿ, ಆರ್‌ಸಿ ನಿನ್ನ ಹೆಸರಲ್ಲಿದೆ, ಯಾರಿಗೆ ಹೆದರಬೇಕು ಎಂದು ಹೇಳಲು ಬಾಯಿ ತೆರೆದೆ. ವಾರ್ಡಿನಲ್ಲಿ ಅಂಥ ಮಾತನ್ನು ಎಷ್ಟೋ ಜನಕ್ಕೆ ಹೇಳಿ ಎಬ್ಬಿಸಿ ನಡೆಸಿದವಳು ನಾನು. ಅವನ ಮುಖ ನೋಡಿದೆ. ಬ್ಯಾಗು ಎತ್ತಿಕೊಂಡು ಇಳಿದೆ.

"ಬೇಜಾರ್ ಮಾಡ್ಕಬ್ಯಾಡ್ರಿ," ಎಂದ.

"ಇಲ್ಲಪ್ಪ. ಹುಷಾರಾಗಿ ಹೋಗು."

ಅವನು ಕಾರು ತಿರುಗಿಸಿ, ಬಂದ ದಾರಿಯಲ್ಲೇ ಮೊಳಕಾಲ್ಮೂರಿನ ಕಡೆ ಹೋದ. ನಾನು ಆಟೋ ಹಿಡಿಯಲಿಲ್ಲ. ಬ್ಯಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾ ನಡೆದುಕೊಂಡೇ ಮನೆಗೆ ಹೋದೆ.